ಪಶ್ಚಿಮದ ಗ್ವಾಡಿಗೆ ಎರಡ ಸಲ ಪೇಂಟ್ ಹೊಡಿಸಿದ್ರೂ ಹಸಿ ಹೋಗವಲ್ದು, ನೀರ ಎಲ್ಲಿಂದ ಹೊಗತೈತಿ ಅಂತ ಹೆಂಗ ಹುಡುಕೂದ್ರಿ?

ವಡಗಾವಿ_ಮನಿ, ಬೆಳಗಾವಿ (ಜುಲೈ 2)

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮನಿ ಬೆಳಗಾವಿ ವಡಗಾವಿಯೊಳಗ ಐತಿ, 2012ರಾಗ ಕಟ್ಟಿಸಿದ್ದು, ಕೆಳಗೊಂದು ಮ್ಯಾಲೊಂದು ಫ್ಲೋರ್, ಇಟ್ಟಂಗಿ ಗ್ವಾಡಿ, ಹೊರಗ ಸಿಮೆಂಟ್ ಗಿಲಾವ. ಪಶ್ಚಿಮದ ಬಾಜೂಕ ಖುಲ್ಲಾ ಪ್ಲಾಟ್ ಇರೂದಕ್ಕ ಅಡ್ಡ ಏನೂ ಇಲ್ಲ, ಮಳಿ ಸೀದಾ ಬಂದು ಗ್ವಾಡಿಗೇ ಬಡಿತೈತಿ. ಮ್ಯಾಲಿನ ಬೆಡ್‌ರೂಮಿನ ಖಿಡಕಿ ಎಡಗಡೆ ಮೂಲಿ ಕೆಳಗ ಪೇಂಟ್ ಉಬ್ಬಿ ಫುಗ್ಗಾ ಆದಂಗ ಆಗೈತಿ, ಮೊನ್ನೆ ಉಗುರ್ಲೆ ಒತ್ತಿದ್ರ ಒಳಗಿಂದ ನೀರ ಬಂದು ಮಣಿಕಟ್ಟಿನ ತನಕ ಹರೀತು. ಕೆಳಗಿನ ಹಾಲಿನ್ಯಾಗೂ ಅದ ಗ್ವಾಡಿನ, ನೆಲದಿಂದ ಎರಡೂವರೆ ಅಡಿ ತನಕ ಬಿಳೇ ಉಪ್ಪಿನಂಥ ಪುಡಿ ಬರತೈತಿ, ಕಸಬರಗಿ ಆಡಿಸಿದ್ರ ಗಿಲಾವನೂ ಜೋಡೀಲೆ ಉದರತೈತಿ.

ಎರಡ ವರ್ಷದ ಹಿಂದ ಸಾದಾ ಪೇಂಟ್ ಹೊಡಿಸಿದ್ವಿ, ಹೋದ ವರ್ಷ ಮಿರಗ ಕೂಡೂಕಿಂತ ನಾಕ ದಿನ ಮೊದಲ ಗಡಿಬಿಡಿಯೊಳಗ ವಾಟರ್‌ಪ್ರೂಫ್ ಪೇಂಟ್ ಹೊಡಿಸಿದ್ವಿ, ಈಗ ಮೊದಲಿಗಿಂತ ಹೆಚ್ಚ ಆಗೈತಿ. ಒಬ್ಬ ಗೌಂಡಿ ಪೂರಾ ಗಿಲಾವ ಕೆತ್ತಿ ಹೊಸಾದು ಮಾಡಬೇಕು ಅಂತಾನ, ಪೇಂಟಿನಾಂವ ಇನ್ನೊಂದ ಕೋಟ್ ಸಾಕು ಅಂತಾನ, ಅಂಗಡ್ಯಾಂವ ಒಂದ ಡಬ್ಬಿ ಕೆಮಿಕಲ್ ಕೊಟ್ಟ ಕಳಿಸ್ಯಾನ. ನಮ್ಮ ಅವ್ವಗ ಉಬ್ಬಸ ಐತ್ರಿ, ಆಕಿ ಮಂಚ ಮ್ಯಾಲಿನ ರೂಮಿನ್ಯಾಗ ಇದ ಗ್ವಾಡಿಗೆ ಹತ್ತಿ ಐತಿ, ರಾತ್ರಿ ಬೂಸ್ಟಿನ ವಾಸನಿಗೆ ಕೆಮ್ಮಾಕ ಹತ್ತತಾಳ. ರೊಕ್ಕ ಖರ್ಚ ಮಾಡಾಕ ತಯಾರ ಅದೇನಿ, ಆದ್ರ ಮೂರನೇ ಸಲನೂ ಹಿಂಗ ಆಗಬಾರ್ದು. ತಿಳದವ್ರು ದಾರಿ ತೋರಸ್ರಿ.

ಸೈಟ್_ಇಂಜಿನಿಯರ್, ಬೆಳಗಾವಿ (ಜುಲೈ 2)

ಮೊದಲ ಅವ್ವಾರ ಮಂಚ ಆ ಗ್ವಾಡಿಯಿಂದ ಸರಸ್ರಿ, ಆಗೂದಿದ್ರ ಬ್ಯಾರೆ ರೂಮಿಗೇ ಒಯ್ರಿ. ಉಳದದ್ದು ಆಮ್ಯಾಲ.

ನೀವು ಹೇಳಿದ್ದ ಓದಿದ್ರ ನಂಗ ಇದು ಒಂದ ರೋಗ ಅಲ್ಲ, ಎರಡ ಅನಸ್ತೈತಿ. ಖಿಡಕಿ ಹತ್ರ ಬರೂ ಹಸಿ ಬ್ಯಾರೆ, ನೆಲದ ಹತ್ರ ಬರೂದು ಬ್ಯಾರೆ, ಎರಡಕ್ಕೂ ಒಂದ ಡಬ್ಬಿ ಹಚ್ಚಿದ್ರ ಎರಡೂ ವಾಸಿ ಆಗಂಗಿಲ್ಲ. ಹಿಂಗಾಗಿ ಕೆಲವ ಪ್ರಶ್ನೆ ಕೇಳ್ತೀನಿ, ನೋಡಿ ಉತ್ತರ ಕೊಡ್ರಿ. ಮಳಿ ಚಾಲೂ ಆಗಿ ಎಷ್ಟ ತಾಸಿಗೆ ಮ್ಯಾಲಿನ ಕಲೆ ಕಾಣತೈತಿ? ಗಾಳಿ ಇಲ್ದ ಸುಮ್ನ ನೆಟ್ಟಗ ಬೀಳೂ ಮಳಿಗೂ ಬರತೈತಿ ಏನು, ಇಲ್ಲಾ ಪಶ್ಚಿಮದ ಗಾಳಿ ಜೋಡಿ ಬಂದ್ರ ಅಷ್ಟ ಏನು? ಕೆಳಗಿನ ಬಿಳೇ ಪುಡಿ ಏಪ್ರಿಲ್ ಮೇದಾಗೂ ಇತ್ತಾ? ಆ ಗ್ವಾಡಿಯೊಳಗ ನೀರಿನ ಪೈಪ್ ಹೋಗೈತಾ? ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎಷ್ಟ ಕೆಳಗೈತಿ, ಟೇಪ್ ಹಿಡದು ಅಳೀರಿ, ಅಂದಾಜಲೆ ಹೇಳಬ್ಯಾಡ್ರಿ.

ಒಂದ ಮಾತು ಎಲ್ಲಾರ ಸಲುವಾಗಿ ಹೇಳ್ತೀನಿ. ನೀರ ಒಳಗ ಬರಾಕ ದೊಡ್ಡ ತೂತ ಬೇಕಾಗಿಲ್ಲ, ಕೂದಲೆಳಿ ದಪ್ಪದ ಬಿರಕ ಸಾಕು. ಬಿರಕು ಸಣ್ಣದಿದ್ದಷ್ಟೂ ನೀರನ್ನ ತಾನ ಎಳಕೋತೈತಿ, ಹೊರಗ ಗಾಳಿ ಒತ್ತಿದ್ರ ಅದು ಇನ್ನೂ ಒಳಗ ಹೋಗತೈತಿ. ವಿಜಯಪುರದ ಕಡೆ ಒಂದ ತಾಸು ಜೋರ ಮಳಿ ಆಗಿ ಮರುದಿನ ಬಿಸಲ ಬಿದ್ದು ಗ್ವಾಡಿ ವಣಗಿ ಬಿಡತೈತಿ, ನಮ್ಮ ಬೆಳಗಾವ್ಯಾಗ ಜುಲೈ ಆಗಸ್ಟಿನ್ಯಾಗ ಐದಾರ ದಿನ ಹಗಲೂ ರಾತ್ರಿ ಜಿಟಿಜಿಟಿ ಹತ್ತಿದ್ರ ಗ್ವಾಡಿಗೆ ವಣಗಾಕ ಒಂದ ತಾಸೂ ಸಿಗಂಗಿಲ್ಲ. ಅಲ್ಲಿ ಭಾಳ ವರ್ಷ ಬಾಳೂ ಗಿಲಾವ ಇಲ್ಲಿ ಲಗೂನ ಬಾಯಿ ಬಿಡೂದು ಇದಕ್ಕ.

ಈಗ ಮಳಿಯೊಳಗ ಏನೂ ಹಚ್ಚಬ್ಯಾಡ್ರಿ. ಉಬ್ಬಿದ ಪೇಂಟ್ ಇದ್ರ ಕೆರದು ತಗೀರಿ, ಗ್ವಾಡಿ ಉಸರಾಡ್ಲಿ.

ಗೌಂಡಿ_ಮುಧೋಳ (ಜುಲೈ 3)

ನಾ ಇಪ್ಪತ್ತಾರ ವರ್ಷದಿಂದ ಕರಣಿ ಹಿಡದಾವ್ರಿ, ಬೆಳಗಾವಿ ಬಾಗಲಕೋಟಿ ಎರಡೂ ಕಡೆ ಕೆಲಸ ಮಾಡೇನಿ. ಪೂರಾ ಗಿಲಾವ ಕೆತ್ತೂ ಮಾತ ಈಗ ಬ್ಯಾಡ. ಮಳಿ ಬಿಟ್ಟ ದಿನ ಕರಣಿ ಹಿಡಿಕೀಲೆ ಗ್ವಾಡಿನ್ನ ಗೇಣಿಗೊಂದ ಸಲ ಮೆಲ್ಲಕ ಬಡಕೋತ ಹೋಗ್ರಿ. ಗಟ್ಟಿ ಇದ್ದಲ್ಲಿ ಟಣ್ ಅಂತೈತಿ, ಇಟ್ಟಂಗಿ ಬಿಟ್ಟ ಟೊಳ್ಳಾದಲ್ಲಿ ಸೀಳಿದ ಗಡಿಗಿ ಬಡದಂಗ ಬದ್ ಅಂತೈತಿ, ಕಿವಿಗೆ ತಾನ ಗೊತ್ತಾಕ್ಕೈತಿ. ಟೊಳ್ಳ ಇದ್ದಲ್ಲಿ ಸುತ್ತ ಬಳಪಲೆ ಗೆರಿ ಹೊಡೀರಿ. ಅಷ್ಟ ತಗದ್ರ ಸಾಕು, ಗಟ್ಟಿ ಇದ್ದದ್ದನ್ನ ಕೆತ್ತಿ ಯಾಕ ಹಾಳ ಮಾಡೂದು.

ಆಮ್ಯಾಲ ಬಿರಕಿನ ಆಕಾರ ನೋಡ್ರಿ. ಜೇಡಿನ ಬಲಿಹಂಗ ಸಣ್ಣ ಬಿರಕು ಎಲ್ಲಾ ಕಡೆ ಇದ್ರ ಅದು ಗಿಲಾವ ಮಾಡಿದ ದಿನದ ತಪ್ಪು, ಸಿಮೆಂಟ್ ಉಸುಕ ಕಲಿಸಿದ ಮಾಲಿನ್ಯಾಗ ಸಿಮೆಂಟ್ ಹೆಚ್ಚಾಗಿರ್ತೈತಿ, ಇಲ್ಲಾ ಮ್ಯಾಲೆ ನುಣುಪ ಬರ್ಲಿ ಅಂತ ಒಣಾ ಸಿಮೆಂಟ್ ಉಗ್ಗಿ ತಿಕ್ಕಿರ್ತಾರ, ಇಲ್ಲಾ ನೀರ ಹೊಡದಿರಂಗಿಲ್ಲ. ಖಿಡಕಿ ಮೂಲಿಯಿಂದ ವಾರಿಗೆ ಓಡಿದ್ರ ಅಲ್ಲಿ ಗ್ವಾಡಿ ಒತ್ತ ತಡೀದ ಸೀಳೈತಿ ಅಂತ ತಿಳೀರಿ. ಪಿಲ್ಲರ್ ಇಟ್ಟಂಗಿ ಕೂಡೂ ಜಾಗಾದಾಗ ಉದ್ದಕ್ಕ ನೆಟ್ಟಗ ಇದ್ರ, ಬೀಮ್ ಕೆಳಗ ಅಡ್ಡ ಗೆರಿ ಇದ್ರ, ಅಲ್ಲಿ ತಂತಿ ಜಾಳಗಿ ಹಾಕೇ ಇಲ್ಲ ಅಂತ ಅರ್ಥ. ಕಾಂಕ್ರೀಟ್ ಬಿಸಲಿಗೆ ಒಂದ ನಮೂನಿ ಹಿಗ್ಗತೈತಿ, ಇಟ್ಟಂಗಿ ಒಂದ ನಮೂನಿ, ನಡುವ ಇರೂ ಗಿಲಾವ ಸೀಳತೈತಿ.

ಇನ್ನ ಛಜ್ಜಾದ ತುದಿ ಕೆಳಗ ಬೆರಳ ಹಾಕಿ ನೋಡ್ರಿ, ಉದ್ದಕ್ಕೂ ಅರ್ಧ ಇಂಚಿನ ಕಚ್ಚು ಇರಬೇಕು. ಕಚ್ಚು ಇದ್ರ ನೀರ ಅಲ್ಲೇ ಹನಿ ಆಗಿ ಕೆಳಗ ಬೀಳತೈತಿ, ಇಲ್ದಿದ್ರ ಛಜ್ಜಾದ ಹೊಟ್ಟಿ ಹಿಡದು ವಾಪಸ್ ಗ್ವಾಡಿಗೇ ಬರತೈತಿ. ಖಿಡಕಿ ಕೆಳಗಿನ ಕಲ್ಲಿಗೂ ಹಂಗ, ಹೊರಗ ಇಳಕಲ ಇರಬೇಕು, ಗ್ವಾಡಿಯಿಂದ ಒಂದ ಇಂಚರ ಮುಂದ ಬಂದಿರಬೇಕು. ಮಾಳಿಗಿ ಪ್ಯಾರಾಪೆಟ್ ತಲಿ ಒಳಗ ಮಾಳಿಗಿ ಕಡೆ ಇಳಕಲ ಇರಬೇಕು, ಭಾಳ ಮನ್ಯಾಗ ಸಪಾಟ ಮಾಡಿ ಬಿಟ್ಟಿರ್ತಾರ, ನೀರ ಅಲ್ಲೇ ನಿಂತು ಇಟ್ಟಂಗಿಯೊಳಗ ಇಳೀತೈತಿ.

ಟಿಳಕವಾಡಿ_77 (ಜುಲೈ 3)

ಇಷ್ಟ್ಯಾಕ ತಲಿ ಕೆಡಿಸಿಕೋತೀರಿ ಅಣ್ಣಾರ, ಹೊರಗಿಂದ ರಬ್ಬರಿನಂಥ ಕೋಟಿಂಗ್ ಬರತೈತಲ್ಲ, ಎರಡ ಕೋಟ್ ಹೊಡಿಸಿ ಬಿಡ್ರಿ. ನಮ್ಮ ಮನಿಗೆ ಹೊಡಿಸಿ ನಾಕ ವರ್ಷ ಆತು, ಒಂದ ಹನಿ ಬಂದಿಲ್ಲ.

ಸೈಟ್_ಇಂಜಿನಿಯರ್, ಬೆಳಗಾವಿ (ಜುಲೈ 3)

ನಿಮ್ಮ ಗ್ವಾಡಿ ವಣಗಿತ್ತು, ಬಿರಕು ಮೊದಲ ತುಂಬಿಸಿರಬೇಕು, ಹಿಂಗಾಗಿ ತಡಕೊಂಡೈತಿ, ಆ ಕೋಟಿಂಗ್ ಖರೇನ ಛಲೋ ಮಾಲ. ಆದ್ರ ಇವರ ಗ್ವಾಡಿ ಒಳಗ ನೀರ ಕುಡದು ಕುಂತೈತಿ. ಅದರ ಮ್ಯಾಲೆ ಬಿಗಿ ಪದರ ಹೊಡದ್ರ ಒಳಗಿನ ನೀರಿಗೆ ಹೊರಗ ಹೋಗಾಕ ದಾರಿ ಇರಂಗಿಲ್ಲ, ಬಿಸಲಿಗೆ ಅದು ಆವಿ ಆಗಿ ಪೇಂಟನ್ನ ಒಳಗಿಂದ ಒತ್ತತೈತಿ, ಫುಗ್ಗಾ ಆಗೂದು ಅದಕ್ಕ. ಇವರದು ಹೋದ ವರ್ಷ ಆದದ್ದ ಅದು. ಇಲ್ಲಾ ಒಳಗಿನ ಬಾಜೂಕ ಬರತೈತಿ, ಮಲಗೂ ರೂಮಿನ್ಯಾಗ.

ನವನಗರ_ಅಕ್ಕ, ಬಾಗಲಕೋಟೆ (ಜುಲೈ 4)

ವಡಗಾವಿ ತಮ್ಮಾ, ಕೆಳಗಿನ ಬಿಳೇ ಪುಡಿ ನಮ್ಮ ಮನ್ಯಾಗೂ ಐದ ವರ್ಷ ಕಾಡ್ತು, ಹಿಂಗಾಗಿ ಬರಿಯಾಕ ಹತ್ತೇನಿ. ಅದಕ್ಕ ನಮ್ಮ ಕಡೆ ಲೋಣಾ ಹತ್ತೂದು ಅಂತಾರ. ಮಣ್ಣಾಗ, ಇಟ್ಟಂಗ್ಯಾಗ, ಉಸುಕಿನ್ಯಾಗ, ನೀರಾಗ ಇರೂ ಉಪ್ಪು ನೀರಿನ ಜೋಡಿ ಗ್ವಾಡಿ ಏರ್ತೈತಿ, ಮ್ಯಾಲೆ ಬಂದ ನೀರ ಆರಿ ಹೋಗತೈತಿ, ಉಪ್ಪ ಅಲ್ಲೇ ಕುಂತು ಹರಳಗಟ್ಟತೈತಿ, ಹರಳ ದೊಡ್ಡದಾದಂಗ ಗಿಲಾವದ ಹೊಟ್ಟಿ ಒಡೀತೈತಿ. ನಮ್ಮ ಮನಿ ಕಟ್ಟೂವಾಗ ಬೋರಿನ ಸವಳ ನೀರಿನ್ಯಾಗ ಮಾಲ ಕಲಿಸಿದ್ರು, ಅದ ನೀರ ಕ್ಯೂರಿಂಗಿಗೂ (ಗಿಲಾವ ಗಟ್ಟಿ ಆಗ್ಲಿ ಅಂತ ತ್ಯಾವ ಇಡಾಕ) ಹೊಡದ್ರು, ನಂಗ ಆವಾಗ ತಿಳೀಲಿಲ್ಲ. ಬಾಯಿಗೆ ಹಾಕಿದ್ರ ಉಗುಳೂ ನೀರನ್ನ ಗ್ವಾಡಿಗೆ ಕುಡಿಸಬಾರ್ದು ಅಂತ ಈಗ ಎಲ್ಲಾರಿಗೂ ಹೇಳ್ತೀನಿ.

ಇನ್ನೊಂದ ತಪ್ಪ ನಾನ ಮಾಡೇನಿ. ಪುಡಿ ಕಂಡಾಗೆಲ್ಲ ನೀರ ಹಾಕಿ ತೊಳೀತಿದ್ದೆ. ತೊಳದ್ರ ಉಪ್ಪ ಕರಗಿ ವಾಪಸ್ ಒಳಗ ಹೋಗತೈತಿ, ಎಂಟ ದಿನಕ್ಕ ಮತ್ತ ಬರತೈತಿ. ಒಣಾ ಬ್ರಶಿಲೆ ತಿಕ್ಕಿ, ಕೆಳಗ ಪೇಪರ್ ಹಾಸಿ, ಬಿದ್ದ ಪುಡಿ ಮನಿ ಹೊರಗ ಚೆಲ್ಲಬೇಕು.

ನಮ್ಮದರ ಮೂಲ ಮಾತ್ರ ರಸ್ತೆ ಆಗಿತ್ತು. ಮನಿ ಮುಂದ ಮೂರ ಸಲ ಸಿಸಿ ರಸ್ತೆ ಮಾಡಿದ್ರು, ಹಳೇದು ಕೆತ್ತಲಾರ್ದ ಅದರ ಮ್ಯಾಲ ಹಾಕಿದ್ರು, ಕಟ್ಟೂವಾಗ ಎರಡೂವರೆ ಅಡಿ ಎತ್ತರ ಇದ್ದ ಮನಿ ಒಂದ ಅಡಿಗೆ ಬಂತು. ಮಳಿ ನೀರ ರಸ್ತೆಗೆ ಬಡದು ಗ್ವಾಡಿಗೆ ಸಿಡೀತಿತ್ತು. ಅದರ ಮ್ಯಾಲೆ ನಾ ಗ್ವಾಡಿಗೆ ಹತ್ತಿ ದಾಸಾಳ ಮಲ್ಲಿಗಿ ಗಿಡ ಹಚ್ಚಿ ದಿನಾ ನೀರ ಹಾಕ್ತಿದ್ದೆ. ಗಿಡ ಕಿತ್ತು ಕಂಪೌಂಡ್ ಕಡೆ ಹಚ್ಚಿದ ವರ್ಷ ಅರ್ಧ ಹಸಿ ತಾನ ಕಡಿಮಿ ಆತು.

ವಡಗಾವಿ_ಮನಿ, ಬೆಳಗಾವಿ (ಜುಲೈ 9)

ಎಲ್ಲಾರ ಮಾತ ಓದಿ ಒಂದೊಂದ ಮಾಡೇನ್ರಿ. ಅವ್ವನ್ನ ಪೂರ್ವದ ರೂಮಿಗೆ ಒಯ್ದೇವಿ, ಮೂರ ರಾತ್ರಿ ಆತು ಕೆಮ್ಮ ಕಡಿಮಿ ಐತಿ.

ಮ್ಯಾಲಿನದು ಗಾಳಿ ಮಳಿಗೆ ಅಷ್ಟ ಬರತೈತಿ, ಚಾಲೂ ಆಗಿ ಮೂರ್ನಾಕ ತಾಸಿಗೆ ಕಲೆ ಕಪ್ಪ ಆಗತೈತಿ. ಕೆಳಗಿನದು ಏಪ್ರಿಲ್‌ದಾಗೂ ಇತ್ತು, ಅವ್ವನ ನೆನಪ ಮಾಡಿ ಹೇಳಿದ್ಲು, ಯುಗಾದಿಗೆ ಸುಣ್ಣ ಬಳಿಯಾಕ ಹೋದಾಗ ಗಿಲಾವ ಉದರಿತ್ತಂತ. ಗ್ವಾಡಿಯೊಳಗ ಪೈಪ್ ಇಲ್ಲ, ಆದ್ರೂ ರಾತ್ರಿ ಎಲ್ಲಾ ನಳ ಬಂದ್ ಮಾಡಿ ಮೀಟರ್ ನೋಡಿದೆ, ಮುಂಜಾನೆ ಅದ ನಂಬರ್ ಇತ್ತು. ಒಂದ ಕಡೆ ಓದಿದ್ದೆ ಅಂತ ಒಂದ ಅಡಿ ಚೌಕದ ಪ್ಲಾಸ್ಟಿಕ್ ಹಾಳಿನ್ನ ನಾಕೂ ಕಡೆ ಟೇಪ್ ಬಡದು ಹಾಲಿನ ಗ್ವಾಡಿಗೆ ಎರಡ ದಿನ ಹಚ್ಚಿದ್ದೆ, ಹಾಳಿ ಹಿಂದ, ಅಂದ್ರ ಗ್ವಾಡಿ ಕಡೆ ಹನಿ ಕಟ್ಟಿತ್ತು, ಮುಂದಿನ ಕಡೆ ಒಣಾ ಇತ್ತು.

ಟೇಪ್ ಹಿಡದು ಅಳದದ್ದು ಹೇಳಾಕ ಬ್ಯಾಸರ ಆಗತೈತ್ರಿ. 2020ರಾಗ ನಾವ ಬಾಜೂಕ ಗರಸು ತುಂಬಿಸಿ ಫರಸಿ ಹಾಸಿದ್ವಿ, ಗಾಡಿ ನಿಲ್ಲಸಾಕ. ಈಗ ಹೊರಗಿನ ಫರಸಿ ಒಳಗಿನ ನೆಲಕ್ಕಿಂತ ನಾಕ ಇಂಚ ಎತ್ತರ ಐತಿ.

ಸೈಟ್_ಇಂಜಿನಿಯರ್, ಬೆಳಗಾವಿ (ಜುಲೈ 9)

ಕೆಳಗಿನದು ಸಿಕ್ಕತು ನೋಡ್ರಿ. ಹಾಳಿ ಹಿಂದ ಹನಿ ಬಂದ್ರ ನೀರ ಗ್ವಾಡಿಯೊಳಗಿಂದ ಬರಾಕ ಹತ್ತೈತಿ, ಮುಂದ ಬಂದಿದ್ರ ರೂಮಿನ ಹವಾದಾಗಿನ ತ್ಯಾವ ತಣ್ಣಗಿನ ಗ್ವಾಡಿಗೆ ಕುಂದರ್ತಿತ್ತು, ಅದಕ್ಕ ಖಿಡಕಿ ತಗದ್ರ ಸಾಕಿತ್ತು.

ಪ್ಲಿಂತ್, ಅಂದ್ರ ಅಡಿಪಾಯದ ಮ್ಯಾಲಿನ ಕಟ್ಟಿ, ಅದರಿಂದ ನೀರ ಮ್ಯಾಲೆ ಏರಬಾರ್ದು ಅಂತ ಡಿಪಿಸಿ ಅನ್ನೂ ತ್ಯಾವ ತಡಿಯೂ ಪಟ್ಟಿ ಹಾಕಿರ್ತಾರ, ಅದು ಹೊರಗಿನ ನೆಲಕ್ಕಿಂತ ಕಡಿಮಿ ಅಂದ್ರೂ ಆರ ಇಂಚ ಮ್ಯಾಲಿರಬೇಕು. ನಿಮ್ಮ ಫರಸಿ ಆ ಪಟ್ಟಿ ದಾಟಿ ಮ್ಯಾಲೆ ಬಂದೈತಿ, ಈಗ ಗರಸಿನ್ಯಾಗಿನ ನೀರ ಪಟ್ಟಿ ಮ್ಯಾಲಿನ ಇಟ್ಟಂಗಿಗೆ ಸೀದಾ ಹತ್ತತೈತಿ. ಪಟ್ಟಿ ಕೆಟ್ಟಿಲ್ಲ, ಅದನ್ನ ಹುಗದೀರಿ ಅಷ್ಟ. ಮಳಿಗಾಲ ಮುಗದ ಮ್ಯಾಲೆ ಫರಸಿ ಎಬ್ಬಸ್ರಿ.

ಮ್ಯಾಲಿನದಕ್ಕ ದೀಪಾವಳಿ ತನಕ ತಡೀರಿ. ಗ್ವಾಡಿ ವಣಗಿದ ಮ್ಯಾಲೆ ಪೈಪ್ ಹಿಡದು ನೀರ ಹೊಡದು ನೋಡೂದು ಐತಿ, ಹಸಿ ಗ್ವಾಡಿ ಮ್ಯಾಲೆ ಆ ಪರೀಕ್ಷಾ ಮಾಡಿದ್ರ ಏನೂ ತಿಳೆಂಗಿಲ್ಲ. ಅಲ್ಲಿತನಕ ಬಿರಕಿನ ಎರಡೂ ತುದಿಗೆ ಪೆನ್ಸಿಲಿಲೆ ಅಡ್ಡ ಗೆರಿ ಹೊಡದು ತಾರೀಖ ಬರದ ಇಡ್ರಿ, ಬೆಳೀತೈತೋ ನಿಂತೈತೋ ಗೊತ್ತಾಗ್ಲಿ. ಕಂದ ಬಣ್ಣದ ತುಕ್ಕಿನ ಕಲೆ ಎಲ್ಲರ ಇದ್ರ ಫೋಟೋ ಹಾಕ್ರಿ, ಅದು ಗಿಲಾವದ ಮಾತಲ್ಲ, ಒಳಗಿನ ಕಬ್ಬಣ ಹಿಗ್ಗಿ ಕಾಂಕ್ರೀಟ್ ಒಡದಿರತೈತಿ, ಅದಕ್ಕ ತಡಾ ಮಾಡಬಾರ್ದು.

ಜಮಖಂಡಿ_ಕಲ್ಲಗ್ವಾಡಿ (ಜುಲೈ 15)

ಇಲ್ಲೇ ಕೇಳ್ಲೇನ್ರಿ. ನಮ್ಮ ಅಜ್ಜನ ಕಾಲದ ಮನಿ, ಎರಡ ಅಡಿ ದಪ್ಪದ ಕಲ್ಲಿನ ಗ್ವಾಡಿ, ನಡುವ ಮಣ್ಣಿನ ಗಾರಿ. ಮೊದಲ ಹೊರಗ ಸುಣ್ಣದ ಗಚ್ಚ ಇತ್ತು. 2019ರ ಆಗಸ್ಟಿನ ಮಳಿಯಾಗ ಗಚ್ಚ ಅಲ್ಲಲ್ಲಿ ಬಿತ್ತು ಅಂತ ಗಟ್ಟಿ ಇರ್ಲಿ ಅಂತ ಸಿಮೆಂಟ್ ಗಿಲಾವ ಮಾಡಿಸಿದ್ವಿ. ಈಗ ಆ ಸಿಮೆಂಟ್ ಹಪ್ಪಳದಂಗ ಹಾಳಿ ಹಾಳಿ ಬೀಳಾಕ ಹತ್ತೈತಿ, ಹಿಂದ ಮಣ್ಣ ಕೈಯಾಗ ಹಿಡದ್ರ ಹಸಿ ರಾಡಿ.

ವಿಜಯಪುರ_ಗಚ್ಚು (ಜುಲೈ 15)

ಅಣ್ಣಾರ, ಮಣ್ಣಿನ ಗ್ವಾಡಿಗೆ ಸಿಮೆಂಟ್ ಅಂಗಿ ತೊಡಿಸಬಾರ್ದಿತ್ತು. ನಾ ಹಳೇ ಕಟ್ಟಡದ ಗಚ್ಚಿನ ಕೆಲಸದಾಗ ಇದ್ದಾಂವ, ಇದನ್ನ ಊರೂರಿಗೆ ನೋಡ್ಯೇನಿ. ಕಲ್ಲು ಮಣ್ಣಿನ ಗ್ವಾಡಿಯೊಳಗ ಯಾವಾಗ್ಲೂ ಒಂದೀಟ ತ್ಯಾವ ಇರ್ತದ, ಸುಣ್ಣ ಅದನ್ನ ಹೊರಗ ಬಿಡ್ತದ, ಮಳಿಗೆ ತೊಯ್ತದ ಬಿಸಲಿಗೆ ಆರ್ತದ. ಸಿಮೆಂಟ್ ಬಿಡಂಗಿಲ್ಲ. ಅದು ಗಡಸ, ಹಿಂದಿನ ಗ್ವಾಡಿ ಮೆತ್ತಗ, ಬಿಸಲಿಗೆ ಸೀಳ್ತದ, ಸೀಳಿನ್ಯಾಗ ನೀರ ಹೋಗ್ತದ, ಹೋದ ನೀರ ಹೊರಗ ಬರಂಗಿಲ್ಲ. ಮಣ್ಣ ರಾಡಿ ಆಗಿ ಕಲ್ಲ ಸಡಲ ಆದ್ರ ಗ್ವಾಡೀನ ಹೊಟ್ಟಿ ಬಿಡ್ತದ. ನೀವು ಇದನ್ನ ಬೇಗನ ನೋಡಬೇಕು. ಗ್ವಾಡಿ ಎಲ್ಲೆರ ಹೊರಗ ಉಬ್ಬ್ಯಾದ ಅಂದ್ರ ಮಂದಿನ್ನ ಆ ಕಡೆ ಕೂಡಸಬ್ಯಾಡ್ರಿ, ತಿಳದ ಇಂಜಿನಿಯರನ್ನ ಕರಸ್ರಿ.

ಉಬ್ಬಿಲ್ಲ ಅಂದ್ರ ಸಡಲ ಇದ್ದ ಸಿಮೆಂಟ್ ಕೈಲೆ ತಗೀರಿ, ಬ್ರೇಕರ್ ಮಷೀನ್ ಹಚ್ಚಿ ನಡಗಸಬ್ಯಾಡ್ರಿ. ವಣಗಾಕ ಬಿಡ್ರಿ, ಸಂದಿನ್ಯಾಗ ಸುಣ್ಣದ ಗಾರಿ ತುಂಬಸ್ರಿ, ಆಮ್ಯಾಲ ತೆಳ್ಳಗ ಎರಡ ಮೂರ ಪದರ ಸುಣ್ಣದ ಗಚ್ಚ. ಉರಿ ಬಿಸಲಾಗ ಮಾಡಬ್ಯಾಡ್ರಿ, ಸುಣ್ಣ ನಿಧಾನ ಗಟ್ಟಿ ಆಗೂದು, ಗೋಣಿತಟ್ಟ ಕಟ್ಟಿ ತ್ಯಾವ ಇಡಬೇಕಾಗ್ತದ.

ಗೋಲಗುಮ್ಮಟಕ್ಕ ಹೋದಾಗ ತಲಿ ಎತ್ತಿ ಒಂದ ಸಲ ನೋಡ್ರಿ, ಗ್ವಾಡಿ ತುದಿಗೆ ಕಲ್ಲಿನ ಬ್ರಾಕೆಟ್ ಮ್ಯಾಲೆ ಸುತ್ತೂ ಹೊರಗ ಚಾಚಿದ ಛಜ್ಜಾ ಅದ. ಮುಹಮ್ಮದ ಆದಿಲಶಾಹ 1656ರಾಗ ತೀರಿದ, ಆವಾಗಿಂದ ಆ ಛಜ್ಜಾ ಮಳಿ ನೀರನ್ನ ಗ್ವಾಡಿಯಿಂದ ದೂರ ಚೆಲ್ಲಕೋತ ನಿಂತದ. ಇಬ್ರಾಹಿಂ ರೋಜಾಕ್ಕೂ ಹಂಗ ಅಗಲ ಛಜ್ಜಾ ಅದ. ಈಗಿನವ್ರು ಎಲಿವೇಶನ್ ಅಂತ ಛಜ್ಜಾ ತಗದು ಸಪಾಟ ಗ್ವಾಡಿ ಕಟ್ಟತಾರ, ನೋಡಿ ನನ್ನ ಜೀವ ಚುರ್ ಅಂತದ.

ಜಮಖಂಡಿ_ಕಲ್ಲಗ್ವಾಡಿ (ಜುಲೈ 16)

ಉತ್ತರದ ಗ್ವಾಡಿ ನಡುವ ಒಂದ ಗೇಣ ಉಬ್ಬಿದಂಗ ಕಾಣತೈತ್ರಿ. ಆ ಕೋಣಿ ಇವತ್ತ ಖಾಲಿ ಮಾಡಿ ದನಾ ಬ್ಯಾರೆ ಕಡೆ ಕಟ್ಟೇವಿ, ನಾಳೆ ಇಂಜಿನಿಯರ ಬರಾಕ ಹತ್ಯಾರ. ಬಾಳ ಉಪಕಾರ ಆತ್ರಿ.

ವಡಗಾವಿ_ಮನಿ, ಬೆಳಗಾವಿ (ನವೆಂಬರ್ 23)

ಮತ್ತ ಬಂದೇನ್ರಿ. ನಿನ್ನೆ ಐತವಾರ ಪೈಪಿನ ಪರೀಕ್ಷಾ ಮಾಡಿದ್ವಿ, ಉದ್ದಕ ಬರೀತೇನಿ, ಮುಂದ ಯಾರಿಗರ ಉಪಯೋಗ ಆಗ್ಲಿ. ಮೂರ ವಾರ ಮಳಿ ಇರ್ಲಿಲ್ಲ, ಗ್ವಾಡಿ ವಣಗಿತ್ತು. ಇಂಜಿನಿಯರ್ ಸಾಹೇಬ್ರು ಹೇಳಿದಂಗ ಕೆಳಗಿಂದ ಮ್ಯಾಲಕ ಹೋಗೂದು, ಮ್ಯಾಲಿಂದ ಹೊಡದ್ರ ನೀರ ಎಲ್ಲಾದರ ಮ್ಯಾಲೂ ಹರದು ಯಾವ ಬಿರಕಿನಿಂದ ಬಂತು ಅಂತ ತಿಳೆಂಗಿಲ್ಲ. ಪೈಪಿನ ಬಾಯಿ ಒತ್ತಿ ಹಿಡೀಲಾರ್ದ ಮಳಿ ಹರದಂಗ ಮೆಲ್ಲಕ ಬಿಟ್ವಿ. ನಾನು ಏಣಿ ಮ್ಯಾಲೆ, ತಮ್ಮ ಕೆಳಗ ಗಡಿಯಾರ ಹಿಡದು, ಅವ್ವ ಒಳಗ ಸ್ಟೂಲ್ ಹಾಕ್ಕೊಂಡು ಮೂಗಿಗೆ ಸೆರಗ ಹಿಡದು ಬ್ಯಾಟರಿ ಬಿಟ್ಟು ಗ್ವಾಡಿ ನೋಡಕೋತ ಕುಂತ್ಲು, ಬ್ಯಾಡ ಅಂದ್ರೂ ಕೇಳಲಿಲ್ಲ.

ಮೊದಲ ಖಿಡಕಿ ಕೆಳಗಿನ ಗ್ವಾಡಿಗೆ ಇಪ್ಪತ್ತ ಮಿನಿಟ್, ಒಳಗ ಏನೂ ಇಲ್ಲ. ಆಮ್ಯಾಲ ಖಿಡಕಿ ಕಲ್ಲಿನ ಮ್ಯಾಲೆ ಇಪ್ಪತ್ತ ಮಿನಿಟ್, ನಾವೆಲ್ಲಾ ಇಲ್ಲಿಂದನ ಅಂತ ಅನ್ಕೊಂಡಿದ್ವಿ, ಅಲ್ಲೂ ಇಲ್ಲ. ಖಿಡಕಿ ಎಡಬಾಜೂ ಗ್ವಾಡಿಗೆ ಹೊಡದ್ವಿ, ಇಲ್ಲ. ಛಜ್ಜಾಕ್ಕ ಕೆಳಗ ಕಚ್ಚು ಇರ್ಲಿಲ್ಲ, ನೀರ ಹೊಟ್ಟಿ ಹಿಡದು ಹಿಂದ ಬರೂದು ಕಣ್ಣಿಗೇ ಕಂಡ್ತು, ಆದ್ರ ಒಳಗ ಬರ್ಲಿಲ್ಲ. ಮಧ್ಯಾನ್ನ ಆತು, ತಮ್ಮ ಸಾಕ ಮಾಡೂಣು ಅಂದ. ಕಡೀಕ ಮ್ಯಾಲಿನ ಸ್ಲ್ಯಾಬ್ ಬೀಮ್ ಕೆಳಗ ಅಡ್ಡ ಒಂದ ಗೆರಿ ಇತ್ತು, ಪೇಂಟಿನ ಕೆಳಗ ಹತ್ರ ಹೋಗಿ ನೋಡಿದ್ರ ಅಷ್ಟ ಕಾಣೂದು, ಅದಕ್ಕ ನೀರ ಬಿಟ್ವಿ. ಹನ್ನೆರಡ ಮಿನಿಟ್ ಆಗಿತ್ತು, ಒಳಗಿಂದ ಅವ್ವ "ಬಂತೋ, ಬಂತ ನೋಡೋ" ಅಂತ ಒದರಿದ್ಲು. ಓಡಿ ಹೋಗಿ ನೋಡಿದ್ರ ಖಿಡಕಿ ಎಡ ಮೂಲಿ ಕೆಳಗ ಒಂದ ರೂಪಾಯಿಯಷ್ಟ ಕಲೆ, ನೋಡ ನೋಡತಿದ್ದಂಗ ಕೈ ಅಗಲ ಆತು.

ಹೊಗೂ ಜಾಗಾ ಬೀಮ್ ಕೆಳಗ, ಕಾಣೂ ಜಾಗಾ ನಾಕೂವರೆ ಅಡಿ ಕೆಳಗ. ನಾವು ಎರಡ ವರ್ಷ ಖಿಡಕಿ ಮೂಲಿಗೆ ಪೇಂಟ್ ಹೊಡಕೋತ ಕುಂತಿದ್ವಿ. ಗೌಂಡಿ ಕಾಕಾರ ಹೇಳಿದಂಗ ಬಡದ್ರ ಬೀಮಿನಿಂದ ಖಿಡಕಿ ಚೌಕಟ್ಟಿನ ತನಕ ಒಂದ ಪಟ್ಟಿ ಬದ್ ಬದ್ ಅಂತಿತ್ತು, ಗಿಲಾವದ ಹಿಂದ ನೀರ ಅಲ್ಲೇ ಇಳದು ಚೌಕಟ್ಟಿಗೆ ಹಾದು ಮೂಲಿಗೆ ಬರ್ತಿತ್ತು.

ಗೌಂಡಿ_ಮುಧೋಳ (ನವೆಂಬರ್ 23)

ಬಾಳ ಛಲೋ ಕೆಲಸ ಮಾಡೀರಿ. ಟೊಳ್ಳ ಪಟ್ಟಿ ಅಷ್ಟ ತಗೀರಿ, ಸುತ್ತ ಕಟರಿಲೆ ನೆಟ್ಟಗ ಕೊರದು ಆಮ್ಯಾಲ ಕೆತ್ತರಿ, ಹಂಗ ಸುತ್ತಿಗಿಲೆ ಬಡದ್ರ ಬಾಜೂಕಿನ ಗಟ್ಟಿ ಗಿಲಾವನೂ ಸಡಲ ಆಗತೈತಿ. ಇಟ್ಟಂಗಿ ಸಂದಿ ಅರ್ಧ ಇಂಚ ಕೆದರಿ, ಧೂಳ ಜಾಡಸಿ, ನೀರ ಹೊಡದು ತ್ಯಾವ ಮಾಡ್ರಿ, ಆದ್ರ ಮ್ಯಾಲೆ ನೀರ ಹೊಳೀಬಾರ್ದು. ಬೀಮ್ ಇಟ್ಟಂಗಿ ಕೂಡೂ ಕಡೆ ಎರಡೂ ಬಾಜೂ ಆರಾರ ಇಂಚ ಬರೂಹಂಗ ಜಾಳಗಿ ಬಡೀರಿ. ಮೊದಲ ಕೋಟ್ ಸಿಮೆಂಟ್ 1ಕ್ಕ ಉಸುಕ 4, ಮ್ಯಾಲಿನದು 1ಕ್ಕ 5, ಮ್ಯಾಲಿನದು ಕೆಳಗಿನದಕ್ಕಿಂತ ಗಡಸ ಇರಬಾರ್ದು. ಎರಡೂ ಸೇರಿ 20 ಮಿ.ಮೀ ಸಾಕು. ನೀರ ಹಾಕಿ ಕಲಿಸಿದ ಮಾಲ ಅರ್ಧ ತಾಸಿನ್ಯಾಗ ಖಾಲಿ ಆಗಬೇಕು, ಗಟ್ಟಿ ಆಗಾಕ ಹತ್ತಿದ ಮಾಲಿಗೆ ಮತ್ತ ನೀರ ಹಾಕಿ ಕಲಸೂದ ಕಂಡ್ರ ಅಲ್ಲೇ ನಿಲ್ಲಸ್ರಿ, ನಮ್ಮವ್ರೇ ಅದನ್ನ ಭಾಳ ಮಾಡತಾರ.

ಉಸುಕ ತರೂಕಿಂತ ಮೊದಲ ಬಾಟ್ಲಿ ಪರೀಕ್ಷಾ ಮಾಡ್ರಿ. ಗಾಜಿನ ಬಾಟ್ಲಿಯಾಗ ಅರ್ಧ ಉಸುಕ ಹಾಕಿ, ಚಿಟಿಕಿ ಉಪ್ಪ ಕಲಿಸಿದ ನೀರ ತುಂಬಿ, ಜೋರ ಅಲಗಾಡಿಸಿ ಮೂರ ತಾಸ ಇಡ್ರಿ. ಉಸುಕಿನ ಮ್ಯಾಲೆ ಮಣ್ಣಿನ ಪದರ ಕುಂದರತೈತಿ, ಅದು ನೂರಕ್ಕ ಎಂಟರಕಿಂತ ಹೆಚ್ಚಾದ್ರ ಆ ಉಸುಕ ಗಿಲಾವಕ್ಕ ಬ್ಯಾಡ.

ಸೈಟ್_ಇಂಜಿನಿಯರ್, ಬೆಳಗಾವಿ (ನವೆಂಬರ್ 24)

ಗೌಂಡಿ ಅಣ್ಣಾರ ಮಾತಿಗೆ ಒಂದ ಬದಲ ಹೇಳ್ತೀನಿ. ಪಿಲ್ಲರ್ ಹತ್ರ ಜಾಳಗಿ ಸರಿ, ಆದ್ರ ಪಶ್ಚಿಮದ ಬಿಸಲ ಬೀಳೂ ಬೀಮ್ ಕೆಳಗ ದಿನಾ ಹಿಗ್ಗೂದು ಕುಗ್ಗೂದು ಇರತೈತಿ, ಅಲ್ಲಿ ಜಾಳಗಿ ಹಾಕಿ ಗಿಲಾವ ಮಾಡಿದ್ರೂ ಒಂದ ದಿನ ಸೀಳತೈತಿ. ಅಲ್ಲಿ ಗಿಲಾವದಾಗ ಬೇಕಂತಲೇ 10 ಮಿ.ಮೀ ಅಗಲದ ನೇರ ಕಚ್ಚು ಬಿಟ್ಟು, ಒಳಗ ಫೋಮಿನ ಹಗ್ಗ ಒತ್ತಿ, ಮ್ಯಾಲೆ ಪಾಲಿಯುರೆಥೇನ್ ಸೀಲಂಟ್ ತುಂಬ್ರಿ. ಅದು ಗ್ವಾಡಿ ಜೋಡಿ ಎಳಕೋತೈತಿ, ಸೀಳಂಗಿಲ್ಲ. ಛಜ್ಜಾಕ್ಕ ಕಚ್ಚು ಇಲ್ಲಂದ್ರಿ, ಈಗ ಕಟರಿಲೆ ಹೊಡೀಬ್ಯಾಡ್ರಿ, ಒಳಗಿನ ರಾಡಿಗೆ ತಾಗತೈತಿ, ತುದಿಗೆ ಮಾಲಿನ ಸಣ್ಣ ಪಟ್ಟಿ ಇಳಿಸಿ ಹನಿ ಬೀಳೂಹಂಗ ಮಾಡ್ರಿ.

ಮಾಳಿಗಿ ನೀರ ಹೋಗೂ ಹರನಾಳಿಗಿನೂ ನೋಡ್ರಿ. ಸಾವಿರ ಚದರಡಿ ಮಾಳಿಗಿ ಮ್ಯಾಲೆ 50 ಮಿ.ಮೀ ಮಳಿ ಬಿದ್ರ 4,600 ಲೀಟರ್ ಹತ್ರ ನೀರ ಆಗತೈತಿ, ಅಷ್ಟೂ ಗ್ವಾಡಿ ಹಿಡದು ಇಳದ್ರ ಯಾವ ಗಿಲಾವನೂ ತಾಳಂಗಿಲ್ಲ. ಪೈಪ್ ನೆಲದ ತನಕ ತಂದು ಗಟಾರಕ್ಕ ಬಿಡ್ರಿ.

ಕೆಳಗಿನ ಗ್ವಾಡಿಗೆ ಫರಸಿ ಗರಸು ತಗದು ಹೊರಗಿನ ನೆಲ ಪಟ್ಟಿಗಿಂತ ಆರ ಇಂಚ ಕೆಳಗ ಇಳಸ್ರಿ, ಗ್ವಾಡಿಯಿಂದ ದೂರ ಅಡಿಗೆ ಅರ್ಧ ಇಂಚ ಇಳಕಲ ಕೊಡ್ರಿ. ಉಪ್ಪ ಹತ್ತಿದ ಗಿಲಾವ ಕಲೆಗಿಂತ ಒಂದ ಅಡಿ ಮ್ಯಾಲಿನ ತನಕ ಕೆತ್ತಿ ಇಟ್ಟಂಗಿ ಬತ್ತಲ ಬಿಡ್ರಿ. 9 ಇಂಚಿನ ಗ್ವಾಡಿ ವಣಗಾಕ ತಿಂಗಳಗಟ್ಟಲೆ ಬೇಕು, ಅವಸರ ಮಾಡಬ್ಯಾಡ್ರಿ. ಒಳಗ ಆ ಎತ್ತರಕ್ಕ ಪಿಓಪಿ, ಜಿಪ್ಸಮ್ ಹಚ್ಚಬ್ಯಾಡ್ರಿ, ಅವು ತ್ಯಾವಕ್ಕ ಮೆತ್ತಗ ಆಗತಾವು.

ನವನಗರ_ಅಕ್ಕ, ಬಾಗಲಕೋಟೆ (ನವೆಂಬರ್ 24)

ತಮ್ಮಾ, ಕ್ಯೂರಿಂಗಿಗೆ ಬೋರಿನ ನೀರ ಬ್ಯಾಡ, ನಳದ್ದು ಹಿಡದ ಇಟ್ಕೋ.

ವಡಗಾವಿ_ಮನಿ, ಬೆಳಗಾವಿ (ಫೆಬ್ರವರಿ 27)

ಮ್ಯಾಲಿನ ಕೆಲಸ ಮುಗೀತ್ರಿ. ಕೆತ್ತಿದಾಗ ಗಿಲಾವ ಹಿಂದ ಬೀಮಿಗೂ ಇಟ್ಟಂಗಿಗೂ ನಡುವ ಕರಣಿ ತುದಿ ಹೋಗುವಷ್ಟ ಸಂದಿ ಇತ್ತು, ಕಟ್ಟೂವಾಗ ಕಡೀ ವರಸಿ ಇಟ್ಟಂಗಿಗೆ ಮಾಲ ತುಂಬೇ ಇರ್ಲಿಲ್ಲ. ಅದನ್ನ ತುಂಬಿಸಿ, ಎರಡ ಕೋಟ್ ಮಾಡಿಸಿ, ಕಚ್ಚು ಬಿಟ್ಟು ಸೀಲಂಟ್ ಹಾಕಿಸೇನಿ. ಎಂಟ ದಿನ ಗೋಣಿತಟ್ಟ ಕಟ್ಟಿ ಮುಂಜಾನೆ ಮಧ್ಯಾನ್ನ ಸಂಜಿ ನೀರ ಹೊಡದ್ವಿ, ನಳದ ನೀರ ಅಕ್ಕಾರ. ಪೇಂಟ್ 28 ದಿನ ಆದ ಮ್ಯಾಲೆ ಅಂತ ತಡದೇನಿ. ಫರಸಿ ಎಬ್ಬಿಸಿದ್ವಿ, ಕೆಳಗಿನ ಗರಸು ಮಳಿ ಹೋಗಿ ನಾಕ ತಿಂಗಳಾದ್ರೂ ಮುಟ್ಟಿದ್ರ ತಣ್ಣಗ ಇತ್ತು. ಗಾಡಿ ಈಗ ರಸ್ತೆ ಮ್ಯಾಲ ನಿಲ್ಲತೈತಿ.

ವಡಗಾವಿ_ಮನಿ, ಬೆಳಗಾವಿ (ಜುಲೈ 18)

ಕಳದ ಸೋಮವಾರದಿಂದ ಐದ ದಿನ ಬಿಡಲಾರ್ದ ಮಳಿ, ಅದೂ ಪಶ್ಚಿಮದ ಗಾಳಿ ಜೋಡಿ. ದಿನಾ ರಾತ್ರಿ ಬ್ಯಾಟರಿ ಬಿಟ್ಟು ಖಿಡಕಿ ಮೂಲಿ ನೋಡಿದೆ, ಅಂಗೈ ಹಚ್ಚಿ ನೋಡಿದೆ, ಒಣಾ ಐತ್ರಿ. ಪ್ಲಾಸ್ಟಿಕ್ ಹಾಳಿನೂ ಎರಡ ದಿನ ಹಚ್ಚಿ ತಗದೆ, ಎರಡೂ ಕಡೆ ಒಂದ ಹನಿ ಇಲ್ಲ.

ಕೆಳಗಿನ ಹಾಲಿನ್ಯಾಗ ಇನ್ನೂ ಒಂದ ಗೇಣ ಎತ್ತರಕ್ಕ ಬಿಳೇ ಪುಡಿ ಬರತೈತಿ, ಆದ್ರ ಮೊದಲ ಎರಡೂವರೆ ಅಡಿ ಇತ್ತು. ಒಳಗ ಉಳದ ಉಪ್ಪ ಹೊರಗ ಬರಾಕ ಹತ್ತೈತಿ ಅಂತ ಸಾಹೇಬ್ರು ಫೋಟೋ ನೋಡಿ ಹೇಳ್ಯಾರ. ಅಲ್ಲಿ ಪೇಂಟ್ ಹಚ್ಚಿಲ್ಲ, ಸುಣ್ಣ ಅಷ್ಟ ಬಳದೇವಿ, ವಾರಕ್ಕೊಮ್ಮೆ ಒಣಾ ಬ್ರಶಿಲೆ ತಿಕ್ಕಿ ಪೇಪರಿನ್ಯಾಗ ಹಿಡದು ಚೆಲ್ತೇನಿ, ಗ್ವಾಡಿ ಮ್ಯಾಲೆ ಪೆನ್ಸಿಲ್ ಗೆರಿ ಹೊಡದು ತಾರೀಖ ಹಾಕಾಕ ಹತ್ತೇನಿ, ಗೆರಿ ತಿಂಗಳಿಗೊಂದೀಟ ಕೆಳಗ ಇಳೀತೈತಿ. ಅವ್ವ ತನ್ನ ರೂಮಿಗೆ ವಾಪಸ್ ಹೋಗ್ಯಾಳ, ಮಂಚ ಮಾತ್ರ ಗ್ವಾಡಿಯಿಂದ ಒಂದ ಅಡಿ ಈಚೆ ಹಾಕೇವಿ.

ಗೌಂಡಿ_ಮುಧೋಳ (ಜುಲೈ 18)

ಸೀಲಂಟಿನ ಅಂಚು ವರ್ಷಕ್ಕೊಮ್ಮೆ, ರೋಹಿಣಿ ಮಳಿ ಬರೂಕಿಂತ ಮೊದಲ ಏಣಿ ಹಾಕಿ ಉಗುರ್ಲೆ ಎತ್ತಿ ನೋಡ್ರಿ. ಎಲ್ಲರ ಬಿಟ್ಟಿದ್ರ ಅಷ್ಟ ಕೊರದು ಮತ್ತ ತುಂಬ್ರಿ. ಅವ್ವಾರಿಗೆ ನಮಸ್ಕಾರ ಹೇಳ್ರಿ.